ಹಗ್ಗದ ಬೀದಿಯ ವಂದನಾರ್ಪಣೆ

ಆ ಊರಿನ ಹೆಸರನ್ನು ಯಾರೂ ಯಾವತ್ತೂ ಗೋಷ್ಠಿಯಲ್ಲಿ ಓದಲಿಲ್ಲ. ಹಾಗಾಗಿ ಅದಕ್ಕೆ ಹೆಸರಿಲ್ಲ. ಮೇಲೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಚರಿತ್ರೆಯ ಶಾಲೆ, ಶಾಲೆಯ ಕೆಳಗೆ ಊರು, ಊರಿನ ಕೆಳಗೆ ಕೆರೆ. ಇವನ್ನೆಲ್ಲ ಯಾರೋ ಎಂದೋ ಓದಿದ್ದರು, ಸಭೆ ಒಪ್ಪಿತ್ತು. ಕೆರೆ ಏರಿಯ ಕೆಳಗೆ ಹಗ್ಗದ ಬೀದಿ ಅಂತ ಒಂದಿತ್ತು. ಅದನ್ನು ಮಾತ್ರ ಯಾರೂ ಓದಿರಲಿಲ್ಲ. ಅದು ಸುಮ್ಮನೆ ಇತ್ತು.

ಆ ಊರಿಗೊಂದು ಕಟ್ಟಳೆ. ಸುಗ್ಗಿ ಮುಗಿದ ಮೇಲೆ ಚರಿತ್ರೆಯ ಶಾಲೆಯ ವಿದ್ಯಾರ್ಥಿಗಳು ವಿಚಾರಗೋಷ್ಠಿ ನಡೆಸಬೇಕು. ಒಬ್ಬೊಬ್ಬರೂ ಎದ್ದು ಒಂದೊಂದು ಪ್ರಬಂಧ ಓದಬೇಕು. ಪ್ರತಿ ಪ್ರಬಂಧಕ್ಕೂ ಒಬ್ಬ ಸಂಶಯಿ. ಪ್ರಶ್ನೆ ಕೇಳುವ ಹಕ್ಕು ಅವನೊಬ್ಬನಿಗೇ. ಅವನ ಪ್ರಶ್ನೆಗೆ ಉತ್ತರ ಹುಟ್ಟದಿದ್ದರೆ ಪ್ರಬಂಧ ಬಿತ್ತು. ಅವನು 'ಪ್ರಶ್ನೆಯಿಲ್ಲ' ಎಂದರೆ ಸಭೆಯೆಲ್ಲ ಎದ್ದು ನಿಂತು ಒಂದೇ ದನಿಯಲ್ಲಿ 'ಆಗಿತ್ತು' ಎನ್ನುತ್ತದೆ. ಆಗಿತ್ತು ಎಂದ ಮೇಲೆ ಆಯಿತು. ಅದು ಹಾಗೇ ಆಗಿತ್ತು. ಬೇರೆ ಥರ ಕಂಡವರಿದ್ದರೆ ಅವರು ಕಂಡದ್ದು ಹಾಲುಹಲ್ಲು ಬಿದ್ದಂತೆ ಬಿದ್ದುಹೋಗುತ್ತದೆ, ನೋವೂ ಆಗುವುದಿಲ್ಲ.

ಗುಡ್ಡ ಮೊದಲು ಎತ್ತರವಿತ್ತು. ಅದು ಬರೀ ದಿಬ್ಬ ಎಂದು ಒಬ್ಬ ಓದಿದ. ಅವನ ಸಂಶಯಿಗೆ ಅವತ್ತು ಹಲ್ಲುನೋವು, 'ಪ್ರಶ್ನೆಯಿಲ್ಲ' ಎನ್ನುವುದಕ್ಕಷ್ಟೇ ಬಾಯಿ ತೆರೆದ. ಅಂದಿನಿಂದ ಗುಡ್ಡ ಕುಕ್ಕರಗಾಲಲ್ಲಿ ಕೂತಿದೆ. ಗಾಣಿಗರ ಮನೆಯ ಹಿರಿಯನೊಬ್ಬ ಯುದ್ಧದಿಂದ ಓಡಿಬಂದಿದ್ದ ಎಂದು ಇನ್ನೊಬ್ಬಳು ಓದಿದಳು. ಅಂದಿನಿಂದ ಆ ಮನೆಯವರು ತಲೆ ತಗ್ಗಿಸಿಯೇ ನಡೆಯುತ್ತಾರೆ, ಯಾಕೆಂದು ಅವರಿಗೇ ತಿಳಿಯದು. ತಿಳಿದಿರುವುದು ಸಭೆಯೊಳಗೆ ಕೂತಿದ್ದವರಿಗೆ ಮಾತ್ರ. ಬಾಗಿಲು ಮುಚ್ಚಿದ ಆ ಸಭಾಂಗಣದಲ್ಲಿದ್ದವರಿಗೆ ಮೊದಲಿನದೂ ನೆನಪಿರುತ್ತದೆ, ಆಮೇಲಿನದೂ ನೆನಪಿರುತ್ತದೆ. ಚರಿತ್ರೆಯ ವಿದ್ಯಾರ್ಥಿಗಳ ಹಣೆಬರಹವೇ ಅದು.

ಹೀಗಿರುವಾಗ ಆ ಊರಲ್ಲಿ ಅನುಮಾನ ಹುಟ್ಟದೆ ಇನ್ನೇನು ಹುಟ್ಟೀತು? ಗೋಷ್ಠಿ ಹತ್ತಿರ ಬಂತೆಂದರೆ ಊರವರು ವಿದ್ಯಾರ್ಥಿಗಳಿಗೆ ಗಟ್ಟಿ ಮಜ್ಜಿಗೆ ಕೊಡುತ್ತಿದ್ದರು, ಕೊಡುತ್ತಲೇ ಅವರ ಕಣ್ಣು ನೋಡುತ್ತಿದ್ದರು. "ಈ ಸಲ ಯಾರ ಮೇಲಪ್ಪಾ?" ಎಂದು ನಗುತ್ತಾ ಕೇಳುತ್ತಿದ್ದರು. ಆ ನಗು ಹಲ್ಲಿನಿಂದ ಒಳಗೆ ಹೋಗುತ್ತಿರಲಿಲ್ಲ. ವಿದ್ಯಾರ್ಥಿಗಳಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರಲಿಲ್ಲ. ಪಕ್ಕದವನು ಏನು ಬರೆಯುತ್ತಿದ್ದಾನೋ, ಅದರಲ್ಲಿ ನಮ್ಮಜ್ಜ ಬರುತ್ತಾನೋ ಏನೋ ಎಂದು ಎಲ್ಲರೂ ಮೊಣಕೈ ಅಡ್ಡ ಇಟ್ಟುಕೊಂಡೇ ಬರೆಯುತ್ತಿದ್ದರು. ಶಾಲೆಯ ಒಳಗೆ ಹೆಸರು ಹಿಡಿದು ಕರೆಯುವ ಪದ್ಧತಿಯೂ ಇರಲಿಲ್ಲ. ಹೆಸರು ಗೊತ್ತಾದರೆ ಬೀದಿ ಗೊತ್ತಾಗುತ್ತದೆ, ಬೀದಿ ಗೊತ್ತಾದರೆ ಬರೆಯುವುದಕ್ಕೆ ಬುಡ ಸಿಕ್ಕಿಬಿಡುತ್ತದೆ. ಆದ್ದರಿಂದ ಹಣತೆ, ಕಂದೀಲುಗಳ ಬೆನ್ನು ಬಿದ್ದವಳು ದೀಪದವಳು, ಬಾವಿಗಳನ್ನು ಸುತ್ತುವವನು ಬಾವಿಯವನು, ಗೋಷ್ಠಿಯ ಏರ್ಪಾಡು ನೋಡಿಕೊಳ್ಳುವವಳು ಸಂಚಾಲಕಿ.

ಈ ಕಥೆ ಸಂಚಾಲಕಿಯದು.

ಸಂಚಾಲಕಿಗೆ ಕೈ ತುಂಬ ಕೆಲಸ, ಬಾಯಿಗೆ ಬೀಗ. ಬ್ಯಾನರ್ ಕಟ್ಟಿಸುವವಳು ಅವಳು. ಯಾರ ಹಿಂದೆ ಯಾರು ಓದಬೇಕೆಂದು ಗೊತ್ತುಮಾಡುವವಳು ಅವಳು. ಯಾರಿಗೆ ಯಾರು ಸಂಶಯಿ ಎಂದು ನಿಶ್ಚಯಿಸುವವಳೂ ಅವಳೇ. ಓದುವಾಗ ಗಳಿಗೆ ಬಟ್ಟಲು ಕಾಯಬೇಕು. ಬುಡದಲ್ಲಿ ಸಣ್ಣ ತೂತಿರುವ ಆ ತಾಮ್ರದ ಬಟ್ಟಲು ನೀರಿನ ಹರಿವಾಣದಲ್ಲಿ ತೇಲುತ್ತಾ ತೇಲುತ್ತಾ ತುಂಬಿ ಮುಳುಗಿದ ಕ್ಷಣ ಗಂಟೆ ಬಾರಿಸಬೇಕು. ಗಂಟೆಯಾದರೆ ಓದುವವರು ಅರ್ಧ ಮಾತಿನಲ್ಲಿದ್ದರೂ ನಿಲ್ಲಿಸಬೇಕು. ಅಂಥ ಪ್ರಬಂಧ ನಿಜವೂ ಅಲ್ಲ ಸುಳ್ಳೂ ಅಲ್ಲ, ಮುಂದಿನ ಸುಗ್ಗಿಯವರೆಗೆ ತೂಗುತ್ತಿರುತ್ತದೆ. ಕಡೆಗೆ ವಂದನಾರ್ಪಣೆ ಮಾಡಬೇಕು. ಸಂಚಾಲಕಿ ಪ್ರಬಂಧ ಓದುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ.

ಇವಳು ಹಗ್ಗದ ಬೀದಿಯವಳು. ಆ ಮಾತನ್ನು ಅವಳು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕತ್ತಾಳೆ ನಾರಿನ ಹುಳಿ ವಾಸನೆ ಹೋಗಲೆಂದು ದಿನಾ ಬೆಳಿಗ್ಗೆ ಅಂಗೈಗೆ ನಿಂಬೆಸಿಪ್ಪೆ ಉಜ್ಜಿಕೊಂಡು ಗುಡ್ಡ ಹತ್ತುತ್ತಿದ್ದಳು. ಊರಿನ ಕೊಡ, ಕರು, ತೊಟ್ಟಿಲು, ಬ್ಯಾನರು ಎಲ್ಲವೂ ನಿಂತಿರುವುದು ತನ್ನ ಬೀದಿಯವರು ಹೊಸೆದ ಹಗ್ಗದ ಮೇಲೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿಕೊಳ್ಳಲು ನಾಚಿಕೆ.

ಆ ಬೀದಿಯ ರೀತಿಯೇ ಬೇರೆ. ಹಗ್ಗ ಹೊಸೆಯುವವರು ಮುಂದಕ್ಕೆ ನಡೆಯುವುದಿಲ್ಲ. ಹುರಿಯ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಕಣ್ಣನ್ನು ಗೂಟದ ಮೇಲೆ ನೆಟ್ಟು, ಹೊಸೆಯುತ್ತಾ ಹೊಸೆಯುತ್ತಾ ಹಿಂದಕ್ಕೆ ನಡೆಯುತ್ತಾರೆ. ಅವರ ಬೀದಿಯಲ್ಲಿ ದೀಪ ಇಲ್ಲ. ಮನೆಮನೆಯ ಮುಂದೂ ಒಣ ನಾರಿನ ರಾಶಿ ಇರುವಾಗ ಒಂದು ಕಿಡಿ ಬಿದ್ದರೆ ಬೀದಿಗೆ ಬೀದಿಯೇ ಬೂದಿ. ಅದಕ್ಕೇ ಹೊತ್ತಿರುವಾಗಲೇ ಉಂಡು, ಒಲೆ ಆರಿಸಿ, ಕತ್ತಲಲ್ಲಿ ಕೂತು ಮಾತಾಡುತ್ತಾರೆ. ಮುಖ ಕಾಣದಿದ್ದರೂ ದನಿಯಲ್ಲೇ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ.

ಗೋಷ್ಠಿಗೆ ಮುಂಚೆ ಒಂದು ಸಂಜೆ ಅವಳು ಮನೆಗೆ ಬಂದಾಗ ಅವಳ ತಾಯಿ ಜಗಲಿಯ ಮೇಲೆ ನಾರು ಬಿಡಿಸುತ್ತಾ ಕೂತಿದ್ದಳು. ಮುಖ ಗಂಟಿಕ್ಕಿತ್ತು.

"ನಿಮ್ಮ ಶಾಲೇವ್ನು ಒಬ್ಬ ಬಂದಿದ್ದ ಕಣವ್ವಾ. ಬಾವಿ ಕಟ್ಟೆ ಕಲ್ಲನ್ನ ಹೆಬ್ಬೆಟ್ಟಲ್ಲಿ ಸವರ್ತಾ ಸವರ್ತಾ ಮಧ್ಯಾಹ್ನ ಪೂರಾ ಕೂತಿದ್ದ. ಆಮೇಲೆ ಇಲ್ಲಿಗೆ ಬಂದು, ಅಮ್ಮಾ ನಿಮ್ಮೋರು ಈ ಬೀದಿಗೆ ಬಂದದ್ದು ಯಾವಾಗ ಅಂತಾನೆ."

"ನೀನೇನಂದೆ?"

"ಮಜ್ಜಿಗೆ ಕುಡಿದು ಹೋಗಪ್ಪ ಅಂದೆ. ಬಂದದ್ದು ಯಾವಾಗ ಅಂತ ಯಾರನ್ನ ಕೇಳ್ತಾರೆ ಹೇಳು? ಹೋಗೋದು ಯಾವಾಗ ಅನ್ನೋಕೆ ಮುಂಚೆ ಕೇಳೋ ಮಾತದು."

ಹುರಿ ಹೊಸೆಯುತ್ತಾ ಹಿಂದಕ್ಕೆ ಬರುತ್ತಿದ್ದ ಅವಳ ತಂದೆ ತಿರುಗಿ ನೋಡದೆಯೇ ಅಂದ: "ಹಗ್ಗ ಹೊಸೆಯೋರು ಹಾವಿಗೆ ಹೆದರಬಾರದು ಕಣೇ. ಹೆದರಿದ್ರೆ ಕೈಯಾಗಿರೋದೂ ಹಾವಾಗೇ ಕಾಣ್ತದೆ."

ತಾಯಿ ಕೇಳಲಿಲ್ಲ. ಮಗಳ ಮೊಣಕೈ ಹಿಡಿದುಕೊಂಡಳು. "ನೀನು ಅಲ್ಲೇ ಇರ್ತೀಯಲ್ಲ, ನೋಡ್ಕೋ ಮಗಾ. ನಮಗೆ ಓದೋಕೆ ಬರಲ್ಲ. ಬೆಳಿಗ್ಗೆ ಎದ್ದಾಗ ನಾವೇ ಇಲ್ದಿದ್ರೆ ನಮಗೆ ಗೊತ್ತೂ ಆಗಲ್ಲ."

ಆ ಮಾತು ಸಂಚಾಲಕಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇಡೀ ಬೀದಿಯ ಜೀವ ತನ್ನ ಕೈಲಿದೆ ಅನ್ನಿಸಿ ಅವಳಿಗೆ ಹೆದರಿಕೆಯಾಯಿತು.

ಪ್ರಬಂಧಗಳನ್ನು ಓದುವವರೆಗೆ ಯಾರಿಗೂ ತೋರಿಸುವಂತಿಲ್ಲ. ಸಂಚಾಲಕಿಗೆ ಸಿಗುವುದು ಶೀರ್ಷಿಕೆ ಮಾತ್ರ. ಬಾವಿಯವನು ಬಂದು ತನ್ನ ಶೀರ್ಷಿಕೆ ಹೇಳಿದ: "ಹಗ್ಗದ ಬೀದಿಯವರು ಬಂದ ಬಗೆ."

"ನೀವು ಬಾವಿಗಳ ಮೇಲಲ್ಲವಾ ಬರೆಯೋದು?" ಎಂದಳು ಅವಳು.

"ಬಾವಿಯೊಳಗೆ ಇಣುಕಿದರೆ ಹಗ್ಗ ಸಿಕ್ಕಿತು," ಎಂದ. ಅವನು ಮಾತು ಕಡಿಮೆಯವನು. ಮುಖದ ಮೇಲೆ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ, ಬಾವಿಯ ನೀರಿನ ಹಾಗೆ. ಹೋಗುವಾಗ ಅವಳ ಕೈಗಳನ್ನು ಒಂದು ಕ್ಷಣ ನೋಡಿದ. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಇವನಿಗೆ ಗೊತ್ತು, ಗೊತ್ತಿದ್ದೇ ಬಂದಿದ್ದಾನೆ ಎಂದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕಳ್ಳರು ಮಾತ್ರವಲ್ಲ, ಹೆದರಿದವರೂ ಹಾಗೆಯೇ.

ದೀಪದವಳು ಬಂದು ಅವಳ ಹೆಗಲಿಗೆ ಹೆಗಲು ತಾಗಿಸಿ ಕೂತಳು. ಶಾಲೆಯಲ್ಲಿ ಸಂಚಾಲಕಿಗೆ ಗೆಳತಿ ಅಂತ ಇದ್ದವಳು ಅವಳೊಬ್ಬಳೇ. ಮನೆಯಿಂದ ತಂದ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು. "ನಂದು ಬರೀ 'ನಮ್ಮ ಊರಿನ ದೀಪಗಳು' ಕಣೇ. ಅರಮನೆಯ ಎಣ್ಣೆ ಉಗ್ರಾಣದ ಲೆಕ್ಕ ಓದಿ ಓದಿ ಕಣ್ಣು ಹೋಯಿತು. ಯಾವ ಬೀದಿಗೆ ಎಷ್ಟು ಎಣ್ಣೆ ಅಂತ. ಯಾರಿಗೂ ತೊಂದರೆಯಿಲ್ಲದ ವಿಷಯ. ನನಗೆ ಆ ಕಟುಕ ಸಂಶಯಿಯನ್ನ ಹಾಕಬೇಡವೇ ತಾಯೀ, ನಿನ್ನ ಕಾಲಿಗೆ ಬೀಳ್ತೀನಿ."

ಆ ಶಾಲೆಯಲ್ಲಿ ಇಬ್ಬರು ಹಿರಿಯ ಸಂಶಯಿಗಳಿದ್ದರು. ಒಬ್ಬ ಚೂಪು ಸಂಶಯಿ, ಅನ್ನದಲ್ಲಿ ಕಲ್ಲು ಹುಡುಕುವವನಲ್ಲ, ಕಲ್ಲಲ್ಲಿ ಅನ್ನ ಹುಡುಕಿ ಇದು ಯಾಕಿಲ್ಲಿದೆ ಎನ್ನುವವನು. ಇನ್ನೊಬ್ಬ ಮೆತ್ತನೆಯ ಸಂಶಯಿ, ಊಟದ ವಾಸನೆ ಬಂದ ಮೇಲೆ ಅವನಿಗೆ ಯಾವ ಸಂಶಯವೂ ಉಳಿಯುತ್ತಿರಲಿಲ್ಲ. ಸಂಚಾಲಕಿ ಚೂಪು ಸಂಶಯಿಯನ್ನು ಬಾವಿಯವನಿಗೆ ಹಾಕಿದಳು. ಮೆತ್ತನೆಯವನನ್ನು ಗೆಳತಿಗೆ ಹಾಕಿ, "ಅವಳು ನನ್ನ ಗೆಳತಿ, ಸ್ವಲ್ಪ ನೋಡಿಕೊಳ್ಳಿ ಅಣ್ಣಾ" ಎಂದು ಕಿವಿಯಲ್ಲಿ ಹೇಳಿದಳು.

"ಗೊತ್ತಾಯಿತು, ಗೊತ್ತಾಯಿತು," ಎಂದು ಅವನು ಕಣ್ಣು ಮಿಟುಕಿಸಿದ.

ಗೋಷ್ಠಿಯ ದಿನ ಬಂತು. ಅವಳ ತಂದೆ ಹೊಸೆದ ಹೊಸ ಹಗ್ಗದಿಂದಲೇ ಅವಳು ಬ್ಯಾನರ್ ಕಟ್ಟಿಸಿದಳು. ಆ ಹಗ್ಗ ಎಲ್ಲಿಯದೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಧ್ಯಕ್ಷರು ಬ್ಯಾನರಿನ ಕೆಳಗೆ ಕೂತರು. ಬಾಗಿಲು ಹಾಕಿದರು. ಒಬ್ಬೊಬ್ಬರೇ ಎದ್ದು ಓದಿದರು. ಆಗಿತ್ತು, ಎಂದಿತು ಸಭೆ. ಕಿಟಕಿಯಾಚೆ ಎಲ್ಲೋ ಒಂದು ಗೋಡೆ ಸರಿಯಿತು, ಒಂದು ಮರ ಆಲದಿಂದ ಅರಳಿಯಾಯಿತು. ಆಗಿತ್ತು, ಎಂದಿತು ಸಭೆ. ಸಂಚಾಲಕಿ ಬಟ್ಟಲು ನೋಡುತ್ತಿದ್ದಳು, ಕಿಟಕಿ ನೋಡುತ್ತಿದ್ದಳು, ಬಾವಿಯವನನ್ನು ನೋಡುತ್ತಿದ್ದಳು. ಕಿಟಕಿಯಿಂದ ಕೆರೆ ಏರಿಯ ಕೆಳಗೆ ನಾರು ಒಣಗಹಾಕುವ ಗಳುಗಳು ಕಾಣುತ್ತಿದ್ದವು. ಅವು ಅಲ್ಲಿರುವವರೆಗೆ ಅವಳಿಗೆ ಉಸಿರು.

ಬಾವಿಯವನು ಎದ್ದ. ಕಾಗದ ಇರಲಿಲ್ಲ ಕೈಯಲ್ಲಿ, ಬಾಯಿಪಾಠ. ನಿಧಾನವಾಗಿ ಶುರುಮಾಡಿದ.

"ಹಗ್ಗದ ಬೀದಿಯ ತುದಿಯಲ್ಲೊಂದು ಬಾವಿಯಿದೆ. ಅದರ ಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಗಾಡಿ, ಅಂದರೆ ಉದ್ದನೆಯ ತಗ್ಗು, ಬಿದ್ದಿದೆ. ನನ್ನ ಹೆಬ್ಬೆರಳು ಅದರಲ್ಲಿ ಮುಳುಗುತ್ತದೆ. ಅರಮನೆಯ ಬಾವಿಯ ಕಲ್ಲಿನ ಮೇಲೂ ಗಾಡಿಯಿದೆ. ಅದರಲ್ಲಿ ಉಗುರು ಮಾತ್ರ ಮುಳುಗುತ್ತದೆ..."

ಅವಳಿಗೆ ಮಾತುಗಳು ಕೇಳುತ್ತಿದ್ದವು, ಅರ್ಥ ಆಗುತ್ತಿರಲಿಲ್ಲ. ಬಂದ ಬಗೆ, ಬಂದ ಬಗೆ ಎಂಬುದೊಂದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಚೂಪು ಸಂಶಯಿಯ ಕಡೆ ನೋಡಿದಳು. ಅವನು ತಲೆದೂಗುತ್ತಿದ್ದ! ಯಾರಿಗೂ ತಲೆದೂಗದವನು ಇವನಿಗೆ ತಲೆದೂಗುತ್ತಿದ್ದ. ಇಬ್ಬರೂ ಕೂಡಿಕೊಂಡಿದ್ದಾರೆ, ಪ್ರಶ್ನೆ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಬಟ್ಟಲು ಇನ್ನೂ ಅರ್ಧ ತುಂಬಿರಲಿಲ್ಲ.

"ಆದ್ದರಿಂದ ನಾನು ಹೇಳುವುದಿಷ್ಟು," ಎಂದ ಬಾವಿಯವನು. "ಹಗ್ಗದ ಬೀದಿಯವರು ಈ ಊರಿಗೆ..."

ಅವಳು ಬೆರಳಿನಿಂದ ಬಟ್ಟಲನ್ನು ಅದುಮಿದಳು. ಅದು ಗುಳುಕ್ಕೆಂದು ಮುಳುಗಿತು. ಗಂಟೆ ಬಾರಿಸಿದಳು.

ಬಾವಿಯವನು ನಿಂತ. ಬಾಯಿ ತೆರೆದೇ ಇತ್ತು. ಹರಿವಾಣ ನೋಡಿದ, ಅವಳ ಒದ್ದೆ ಬೆರಳು ನೋಡಿದ. ಕೂತ. ಪ್ರಬಂಧ ಅಪೂರ್ಣ ಎಂದರು ಅಧ್ಯಕ್ಷರು. ಸಂಚಾಲಕಿ ಕಿಟಕಿಯಾಚೆ ನೋಡಿದಳು. ಗಳುಗಳು ಇದ್ದವು. ಗೆದ್ದೆ ಎಂದುಕೊಂಡಳು, ಅವಳ ಕಣ್ಣಲ್ಲಿ ನೀರೇ ಬಂತು.

ಚಹಾದ ವಿರಾಮದಲ್ಲಿ ಅವನು ಲೋಟ ಹಿಡಿದು ಹತ್ತಿರ ಬಂದ. "ಇನ್ನೊಂದೇ ವಾಕ್ಯ ಇತ್ತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಗಂಟೆ ಅಂದರೆ ಗಂಟೆ," ಎಂದಳು ಅವಳು.

"ಮುಂಚೆ ಬಂದವರು ಅಂತ ಇತ್ತು. ಹಗ್ಗದ ಬೀದಿಯವರು ಈ ಊರಿಗೆ ಎಲ್ಲರಿಗಿಂತ ಮುಂಚೆ ಬಂದವರು. ಗಾಡಿ ಅಷ್ಟು ಆಳ ಬೀಳಬೇಕಾದರೆ ಅರಮನೆಗಿಂತ ಹಳಬರಾಗಿರಬೇಕು. ಯಾರಾದರೂ ಒಮ್ಮೆ ಓದಿಬಿಟ್ಟರೆ ಆ ಬೀದಿಯನ್ನ ಮುಂದೆ ಯಾರೂ ಅಲ್ಲಾಡಿಸೋ ಹಾಗಿಲ್ಲ ಅಂದುಕೊಂಡಿದ್ದೆ."

ಅವಳು ಚಹಾದ ಲೋಟ ಕೆಳಗಿಟ್ಟಳು. ಆದರೆ ಅನುಮಾನ ಒಮ್ಮೆ ಬೇರು ಬಿಟ್ಟರೆ ಸುಲಭಕ್ಕೆ ಕೀಳುವುದಿಲ್ಲ. ಈಗ ಹೀಗೆ ಹೇಳುತ್ತಾನೆ, ಓದುವಾಗ ಏನು ಹೇಳುತ್ತಿದ್ದನೋ, ಯಾರು ಕಂಡರು? ಹಾಗೆಂದುಕೊಂಡು ಸಮಾಧಾನ ಮಾಡಿಕೊಂಡಳು. ಹೇಗೂ ಅಪಾಯ ಕಳೆಯಿತಲ್ಲ, ಉಳಿದಿರುವುದು ದೀಪಗಳು ಮಾತ್ರ.

ದೀಪದವಳು ಎದ್ದಳು. ಚೆಂದಾಗಿ ಓದಿದಳು. ಅರಮನೆಯ ಬೀದಿಗೆ ಹಿತ್ತಾಳೆಯ ದೀಪ, ಅಗಸರ ಬೀದಿಗೆ ಮಣ್ಣಿನ ದೀಪ, ಗಾಣಿಗರ ಬೀದಿಗೆ ದೀಪವೂ ಅವರದೇ ಎಣ್ಣೆಯೂ ಅವರದೇ. ಎಲ್ಲರೂ ನಕ್ಕರು. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂತು. ಮೆತ್ತನೆಯ ಸಂಶಯಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಸಂಚಾಲಕಿಯೂ ಬೆಳಗಿನಿಂದ ಮೊದಲ ಸಲ ಬೆನ್ನು ಗೋಡೆಗೆ ಆನಿಸಿದಳು.

"ಕಡೆಯದಾಗಿ ಒಂದು ಮಾತು," ಎಂದಳು ದೀಪದವಳು. "ಉಗ್ರಾಣದ ಲೆಕ್ಕದಲ್ಲಿ ಎಲ್ಲ ಬೀದಿಗಳಿಗೂ ಎಣ್ಣೆ ಬರೆದಿದ್ದಾರೆ. ಕೆರೆ ಏರಿಯ ಕೆಳಗೆ ಒಂದು ತೊಟ್ಟೂ ಬರೆದಿಲ್ಲ. ದೀಪವೇ ಇಲ್ಲದ ಮೇಲೆ ಮನುಷ್ಯರು ಹೇಗಿದ್ದಾರು? ಆದ್ದರಿಂದ ಅಲ್ಲಿ ಬೀದಿಯೇ ಇರಲಿಲ್ಲ ಎಂದು ತಿಳಿಯಬೇಕು. ಇಲ್ಲಿಗೆ ನನ್ನ ಪ್ರಬಂಧ ಮುಗಿಯಿತು."

ಸಂಚಾಲಕಿ ಬಟ್ಟಲಿಗೆ ಕೈ ಹಾಕಿದಳು. ಆದರೆ ಮುಗಿದ ಪ್ರಬಂಧಕ್ಕೆ ಗಂಟೆ ಏನು ಮಾಡೀತು? ಮೆತ್ತನೆಯ ಸಂಶಯಿಯ ಕಡೆ ತಿರುಗಿ ಕೈ ಬೀಸಿದಳು. ಕಣ್ಣಿಂದ, ಹುಬ್ಬಿಂದ, ತುಟಿಯಿಂದ ಕೇಳಿ, ಕೇಳಿ ಎಂದು ಬೇಡಿಕೊಂಡಳು. ನಾರು ಇರುವ ಕಡೆ ದೀಪ ಹಚ್ಚುತ್ತಾರೇನು ಎಂಬ ಒಂದೇ ಪ್ರಶ್ನೆ ಸಾಕಿತ್ತು. ಅವಳ ಬೀದಿಯ ಕೂಸಿಗೂ ಗೊತ್ತಿರುವ ಪ್ರಶ್ನೆ. ಮೆತ್ತನೆಯ ಸಂಶಯಿ ಅವಳನ್ನು ನೋಡಿ ನಕ್ಕ. ಗೊತ್ತಾಯಿತು ಎಂಬಂತೆ ಕಣ್ಣು ಮಿಟುಕಿಸಿದ. ಎದ್ದು ನಿಂತ.

"ಪ್ರಶ್ನೆಯಿಲ್ಲ," ಎಂದ.

ಆಗಿತ್ತು, ಎಂದಿತು ಸಭೆ.

ಅವಳು ಕಿಟಕಿಯ ಕಡೆ ನೋಡುವ ಮೊದಲೇ ಬ್ಯಾನರ್ ಕಳಚಿ ಅಧ್ಯಕ್ಷರ ತಲೆಯ ಮೇಲೆ ಬಿತ್ತು. ಅದನ್ನು ಕಟ್ಟಿದ್ದ ಹಗ್ಗ ಇರಲಿಲ್ಲ. ಊರ ಕಡೆಯಿಂದ ಸದ್ದುಗಳು ಬಂದವು. ಬಾವಿಗಳಲ್ಲಿ ಕೊಡಗಳು ದಬದಬ ಬೀಳುವ ಸದ್ದು, ಬಿಚ್ಚಿಹೋದ ದನಗಳ ಓಟದ ಸದ್ದು, ಎಲ್ಲೋ ತೊಟ್ಟಿಲು ಕೆಳಗಿಳಿದು ಕೂಸು ಅತ್ತ ಸದ್ದು. ಏರಿಯ ಕೆಳಗೆ ಗಳುಗಳಿರಲಿಲ್ಲ. ಜಾಲಿಗಿಡಗಳು ಮಾತ್ರ ಇದ್ದವು, ಹುಟ್ಟಿದಾಗಿನಿಂದ ಅಲ್ಲೇ ಇದ್ದವರ ಹಾಗೆ ನಿಂತಿದ್ದವು.

ದೀಪದವಳು ಖುಷಿಯಿಂದ ಬಂದು ಅವಳ ಕೈ ಹಿಡಿದಳು. "ನೋಡಿದೆಯಾ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಾಯಿತು!"

"ನಾನು ಯಾವ ಬೀದಿಯವಳು, ನಿನಗೆ ಗೊತ್ತೇನೇ?" ಎಂದಳು ಸಂಚಾಲಕಿ.

"ಯಾವ ಬೀದಿ? ನೀನು ಯಾವತ್ತೂ ಹೇಳಲಿಲ್ಲವಲ್ಲ." ಹೇಳುತ್ತಾ ಹೇಳುತ್ತಾ ಅವಳು ಸಂಚಾಲಕಿಯ ಮುಖ ನೋಡಿದಳು. ಅವಳ ಕೈ ಸಡಿಲವಾಯಿತು. "ಅಯ್ಯೋ," ಎಂದಳು. "ಅಯ್ಯೋ, ಲೆಕ್ಕದಲ್ಲಿ ಇರಲಿಲ್ಲ ಕಣೇ..."

ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ರೊಟ್ಟಿ ಹಂಚಿಕೊಳ್ಳುವಾಗ ಒಂದು ದಿನ ಹೇಳಿದ್ದರೆ ಸಾಕಿತ್ತಲ್ಲ ಎಂದು ಸಂಚಾಲಕಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಆ ಕತ್ತಲೆಯಲ್ಲಿ ಕಾಣದಂತೆ ಕೂತಿದ್ದವಳು ಸಂಚಾಲಕಿಯೇ.

ಅಧ್ಯಕ್ಷರು ಬ್ಯಾನರಿನೊಳಗಿಂದ ತಲೆ ಹೊರಗೆ ಹಾಕಿ, "ವಂದನಾರ್ಪಣೆ ಬೇಗ ಮುಗಿಸಮ್ಮಾ, ಊಟ ಆರುತ್ತೆ," ಎಂದರು.

ವಂದನಾರ್ಪಣೆಯನ್ನು ಯಾರೂ ಕೇಳುವುದಿಲ್ಲ. ಅದು ಶುರುವಾಯಿತೆಂದರೆ ಅರ್ಧ ಸಭೆ ಚಪ್ಪಲಿ ಹುಡುಕುತ್ತದೆ, ಉಳಿದರ್ಧ ಅಡುಗೆ ಏನೆಂದು ಊಹಿಸುತ್ತದೆ. ಅದಕ್ಕೆ ಸಂಶಯಿಯೂ ಇಲ್ಲ. ವಂದಿಸುವವರನ್ನು ಯಾರು ಸಂಶಯಿಸುತ್ತಾರೆ? ಆದರೆ ಮುಗಿದ ಮೇಲೆ ಆಗಿತ್ತು ಎನ್ನುವುದು ಮಾತ್ರ ಕಟ್ಟಳೆ. ಇಷ್ಟು ವರ್ಷ ಅದು ಸುಮ್ಮನೆ ಬಾಯಿಮಾತಾಗಿತ್ತು. ಸಂಚಾಲಕಿಗೆ ಅದು ಆಗ ಹೊಳೆಯಿತು. ಎದ್ದು ನಿಂತಳು.

"ಅಧ್ಯಕ್ಷರಿಗೆ ವಂದನೆ. ಓದಿದವರಿಗೆ, ಕೇಳಿದವರಿಗೆ ವಂದನೆ," ಎಂದಳು. ಜನ ಏಳತೊಡಗಿದರು. "ಈ ಊರಿಗೆ ಎಲ್ಲರಿಗಿಂತ ಮುಂಚೆ ಬಂದು, ಏರಿಯ ಕೆಳಗೆ ಬಾವಿ ತೋಡಿ, ಊರನ್ನೆಲ್ಲ ತಮ್ಮ ಹಗ್ಗದಿಂದ ಹಿಡಿದು ನಿಲ್ಲಿಸಿದ ಹಗ್ಗದ ಬೀದಿಯವರಿಗೆ ವಂದನೆ. ನಾರಿಗೆ ಕಿಡಿ ತಾಗದಿರಲೆಂದು ದೀಪ ಹಚ್ಚದೆ ಬಾಳಿದವರಿಗೆ ವಂದನೆ. ಮೂಲೆಮನೆಯ ಬೂದೆಮ್ಮನಿಗೆ ವಂದನೆ. ಅವಳ ಗಂಡ ಕೆಂಚಣ್ಣನಿಗೆ ವಂದನೆ. ಒಕ್ಕಣ್ಣಿನ ದ್ಯಾವಕ್ಕನಿಗೆ, ಅವಳ ಸೊಸೆ ಮಾರಕ್ಕನಿಗೆ, ಮಾರಕ್ಕನ ಹೊಟ್ಟೆಯಲ್ಲಿರುವ ಕೂಸಿಗೆ ವಂದನೆ..."

ಶಾಲೆಯ ಒಳಗೆ ಹೆಸರುಗಳು! ಕೆಲವರು ತಿರುಗಿ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡಳು. ಬೀದಿಯ ಕತ್ತಲಲ್ಲಿ ಕೂತು ಕೇಳಿದ ದನಿಗಳನ್ನು ಒಂದೊಂದಾಗಿ ನೆನೆದಳು. ಒಂದು ದನಿಗೆ ಒಂದು ಹೆಸರು. ಒಂದು ಮನೆಯಾದ ಮೇಲೆ ಮುಂದಿನ ಮನೆ. ಒಂದನ್ನೂ ಬಿಡಬಾರದು, ಬಿಟ್ಟರೆ ಬಿಟ್ಟಂತೆಯೇ. ತೊದಲುವ ತಿಪ್ಪಯ್ಯನಿಗೆ ವಂದನೆ. ಹಾಡು ಹೇಳುವ ಗಿರಿಯವ್ವನಿಗೆ ವಂದನೆ. ಜಗಳಗಂಟಿ ಬೊಮ್ಮಕ್ಕನಿಗೂ ವಂದನೆ.

"ಹಿಂದಕ್ಕೆ ನಡೆದು ಹಗ್ಗ ಹೊಸೆಯುವ ಪಾಲಯ್ಯನಿಗೆ ವಂದನೆ," ಎಂದಳು. ಅದು ಅವಳ ತಂದೆ. ದನಿ ಒಡೆಯಿತು. "ಪಾಲಯ್ಯನ ಹೆಂಡತಿ ಓಬಕ್ಕನಿಗೆ ವಂದನೆ." ಅದು ಅವಳ ತಾಯಿ. "ಇಲ್ಲಿಗೆ ವಂದನೆಗಳು ಮುಗಿದವು."

ಸಭೆಯ ಹಿಂದುಗಡೆ ಯಾರೋ ಎದ್ದು ಕೈ ಎತ್ತಿದರು. ಅವಳು ಕಣ್ಣು ತೆರೆದಳು. ಬಾವಿಯವನು.

"ಸಂಚಾಲಕಿಯವರೇ, ಒಂದು ನಿಮಿಷ. ಇನ್ನೊಂದು..."

ಬೆಳಿಗ್ಗೆ ಬಾಯಿ ಮುಚ್ಚಿಸಿದ್ದಕ್ಕೆ ಈಗ ಸೇಡು. ವಂದನಾರ್ಪಣೆಗೂ ಪ್ರಶ್ನೆ ಹಾಕುತ್ತಾನೆ, ಕಟ್ಟಿದ್ದನ್ನೆಲ್ಲ ಬಿಚ್ಚುತ್ತಾನೆ ಎಂದುಕೊಂಡಳು. ಯೋಚಿಸಲು ಹೊತ್ತಿರಲಿಲ್ಲ. ಗಂಟೆ ಕೈಗೆ ಸಿಕ್ಕಿತು. ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. ಅವನ ಮಾತು ಗಂಟೆಯೊಳಗೆ ಮುಳುಗಿಹೋಯಿತು.

ಆಗಿತ್ತು, ಎಂದಿತು ಸಭೆ, ಚಪ್ಪಲಿ ಮೆಟ್ಟುತ್ತಾ.

ಕಿಟಕಿಯಾಚೆ ಜಾಲಿಗಿಡಗಳ ಜಾಗದಲ್ಲಿ ಗಳುಗಳು ನಿಂತವು. ಬ್ಯಾನರ್ ತಾನಾಗಿ ಮೇಲೇರಿತು. ದೀಪದವಳು ಮುಖ ಮುಚ್ಚಿಕೊಂಡು ಅತ್ತಳು. ಸಂಚಾಲಕಿ ಊಟಕ್ಕೂ ನಿಲ್ಲದೆ ಹೊಸಿಲು ದಾಟಿದಳು.

ಬಾವಿಯವನು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ. "ನಾನು ಪ್ರಶ್ನೆ ಕೇಳೋಕೆ ಏಳಲಿಲ್ಲ," ಎಂದ. "ಒಂದು ಹೆಸರು ಬಿಟ್ಟಿರಿ. ಅದನ್ನ ಹೇಳೋಕೆ ಎದ್ದೆ."

"ಯಾರದ್ದೂ ಬಿಟ್ಟಿಲ್ಲ," ಎಂದಳು ಅವಳು ಗಟ್ಟಿಯಾಗಿ. ಆದರೂ ಮನಸ್ಸಿನಲ್ಲೇ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದಳು. ಎಲ್ಲ ಮನೆಗಳೂ ಇದ್ದವು, ಎಲ್ಲ ದನಿಗಳೂ ಇದ್ದವು. ನನ್ನನ್ನು ಹೆದರಿಸಿ ನೋಡುತ್ತಿದ್ದಾನೆ ಎಂದುಕೊಂಡಳು. ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಗುಡ್ಡ ಇಳಿದುಬಿಟ್ಟಳು.

ಬೀದಿ ಇತ್ತು! ಹುಳಿ ವಾಸನೆ ದೂರದಿಂದಲೇ ಬಂತು. ಅದನ್ನು ಅವಳು ಎದೆ ತುಂಬ ಎಳೆದುಕೊಂಡಳು, ಇನ್ನೆಂದೂ ನಿಂಬೆಸಿಪ್ಪೆ ಮುಟ್ಟುವುದಿಲ್ಲ ಎಂದುಕೊಂಡಳು. ಬಾವಿ ಕಟ್ಟೆಯ ಕಲ್ಲಿನ ಗಾಡಿಯಲ್ಲಿ ಹೆಬ್ಬೆರಳಿಟ್ಟು ನೋಡಿದಳು. ಬೆರಳು ಪೂರಾ ಮುಳುಗಿತು. ಬೂದೆಮ್ಮ ಇದ್ದಳು, ಕೆಂಚಣ್ಣ ಇದ್ದ. ಮಾರಕ್ಕ ಹೊಟ್ಟೆ ಹಿಡಿದುಕೊಂಡು ನಾರು ತಿರುವುತ್ತಿದ್ದಳು. ಬೊಮ್ಮಕ್ಕ ಯಾರನ್ನೋ ಬೈಯುತ್ತಿದ್ದಳು. ಸಂಚಾಲಕಿಗೆ ಬೈಗುಳ ಕೇಳಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅವಳು ನಗುತ್ತಾ ಕೈಬೀಸಿದಳು. ಬೊಮ್ಮಕ್ಕ ಬೈಯುವುದನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿ ನೋಡಿದಳು, ಕೈಬೀಸಲಿಲ್ಲ.

ಪಾಲಯ್ಯ ಗೂಟದ ಮೇಲೆ ಕಣ್ಣಿಟ್ಟು ಹಿಂದಕ್ಕೆ ನಡೆದು ಬರುತ್ತಿದ್ದ. ಓಬಕ್ಕ ಜಗಲಿಯ ಮೇಲೆ ಕೂತಿದ್ದಳು.

"ಅವ್ವಾ," ಎಂದು ಅವಳು ಓಡಿದಳು. "ಎಲ್ಲ ಸರಿಹೋಯ್ತವ್ವಾ. ಯಾರೂ ಹೋಗಲಿಲ್ಲ, ಎಲ್ಲಾರೂ ಇದಾರೆ."

ಓಬಕ್ಕ ನಾರಿನಿಂದ ತಲೆಯೆತ್ತಿದಳು. ಅವಳ ಬಟ್ಟೆ ನೋಡಿದಳು, ಗುಡ್ಡದ ಧೂಳು ಮೆತ್ತಿದ ಚಪ್ಪಲಿ ನೋಡಿದಳು, ಮುಖ ನೋಡಿದಳು. ಆ ನೋಟ ಸಂಚಾಲಕಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನಿಂದ ಅವಳು ಬಾವಿಯವನನ್ನು ನೋಡಿದ್ದು ಅದೇ ನೋಟದಿಂದ.

ವಂದಿಸುವವರು ತಮಗೆ ತಾವೇ ವಂದಿಸಿಕೊಳ್ಳುವ ಪದ್ಧತಿ ಎಲ್ಲೂ ಇಲ್ಲ. ಸಂಚಾಲಕಿ ಇದ್ದದ್ದನ್ನು ಸಭೆಯೆಲ್ಲ ಕಂಡಿತ್ತು, ಅವಳು ಇದ್ದಳು. ಓಬಕ್ಕನ ಮಗಳು ಮಾತ್ರ ಇರಲಿಲ್ಲ.

"ಶಾಲೇವ್ಳಾ?" ಎಂದಳು ಓಬಕ್ಕ. ಬಿಡಿಸಿದ ನಾರನ್ನು ಮಡಿಲಿಗೆ ಎಳೆದುಕೊಂಡಳು. "ಮಕ್ಕಳಿಲ್ಲದೋಳ್ನ ಅವ್ವಾ ಅಂತ ಕೂಗ್ತಾ ಬಂದಿದೀಯ. ಏನು ಬರೀಬೇಕಿತ್ತು ನಮ್ಮ ಮೇಲೆ?"

"ನಾನು ಕಣವ್ವಾ..." ಎಂದಳು ಅವಳು. ಶಾಲೆಯಲ್ಲಿ ಇಷ್ಟು ವರ್ಷ ಮುಚ್ಚಿಟ್ಟ ಹೆಸರು ಈಗ ಕರೆದರೂ ನಾಲಗೆಗೆ ಬರಲಿಲ್ಲ. "ನಾನು..."

ಓಬಕ್ಕ ಎದ್ದು ಒಳಗೆ ಹೋದಳು. ಒಂದು ಲೋಟ ಮಜ್ಜಿಗೆ ತಂದು, ಕೈಗೆ ಕೊಡದೆ ಜಗಲಿಯ ಅಂಚಿನ ಮೇಲಿಟ್ಟಳು. ಗಟ್ಟಿ ಮಜ್ಜಿಗೆ.

"ಕುಡಿದು ಹೋಗಮ್ಮಾ," ಎಂದು ಬಾಗಿಲು ಹಾಕಿಕೊಂಡಳು.

ಒಳಗೆ ಒಲೆ ಆರಿಸುವ ಸದ್ದಾಯಿತು. ಹೊತ್ತು ಇಳಿಯುತ್ತಿತ್ತು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಅವಳು ಆ ಬಾಗಿಲ ಮೇಲಿನ ಕಣ್ಣು ತೆಗೆಯದೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು, ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಹಾಗೇ ಹಿಂದಕ್ಕೆ ನಡೆಯುತ್ತಾ ಬೀದಿಯ ತುದಿಯವರೆಗೆ ಹೋದಳು, ತನ್ನವರೆಲ್ಲ ನಡೆಯುವ ಹಾಗೆಯೇ. ಕೈಯಲ್ಲಿ ಹುರಿ ಮಾತ್ರ ಇರಲಿಲ್ಲ.